2³¹ − 1 ಅವಿಭಾಜ್ಯವೆಂದು ಆಯ್ಲರ್ ಕೈಲೆಕ್ಕದಲ್ಲೇ ಹೇಗೆ ತೀರ್ಮಾನಿಸಿದರು?

ಪ್ರಶ್ನೆ (ಸಕಲೇಶಪುರ)
ನಾನು ಇಲ್ಲಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಪಾಠ ಮಾಡುತ್ತೇನೆ. 2,14,74,83,647, ಅಂದರೆ 2³¹ − 1, ಅವಿಭಾಜ್ಯ ಸಂಖ್ಯೆಯೆಂದು ಲಿಯೊನಾರ್ಡ್ ಆಯ್ಲರ್ 1772ರಲ್ಲೇ ಸಾಧಿಸಿದ್ದರೆಂದು ಹತ್ತನೇ ತರಗತಿಯಲ್ಲಿ ಹೇಳಿದಾಗ, ವರ್ಗಮೂಲವಾದ ಸುಮಾರು 46,340ರವರೆಗಿನ ಅವಿಭಾಜ್ಯಗಳಿಂದೆಲ್ಲ ಅವರು ಭಾಗಿಸಿ ನೋಡಿದರೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಅಂಥವು ನಾಲ್ಕು ಸಾವಿರಕ್ಕೂ ಹೆಚ್ಚಿವೆ. ಮಕ್ಕಳಿಗೆ ಅರ್ಥವಾಗುವಂತೆ ಯಾರಾದರೂ ವಿವರಿಸುವಿರಾ?

ಉತ್ತರ (ಚಿಕ್ಕಮಗಳೂರು)
ಗುರುಗಳೇ, ಅಷ್ಟನ್ನೂ ಭಾಗಿಸುವ ಅಗತ್ಯವೇ ಇರಲಿಲ್ಲ. ಈ ಸಂಖ್ಯೆಯನ್ನು ‘ಕ’ ಎಂಬ ಅವಿಭಾಜ್ಯವು ನಿಶ್ಶೇಷವಾಗಿ ಭಾಗಿಸುತ್ತದೆ ಎಂದಿಟ್ಟುಕೊಳ್ಳಿ. ಆಗ 2³¹ ಅನ್ನು ‘ಕ’ದಿಂದ ಭಾಗಿಸಿದರೆ ಶೇಷ 1 ಉಳಿಯುತ್ತದೆ; ಫರ್ಮಾನ ಕಿರು ಪ್ರಮೇಯದ ಪ್ರಕಾರ 2ರ (ಕ − 1)ನೇ ಘಾತಕ್ಕೂ ಶೇಷ 1. ಹೀಗೆ ಶೇಷ 1 ಕೊಡುವ ಅತಿ ಚಿಕ್ಕ ಘಾತಸೂಚಿಯು 31 ಮತ್ತು ಕ − 1 ಎರಡನ್ನೂ ಭಾಗಿಸಲೇಬೇಕು. 31 ತಾನೇ ಅವಿಭಾಜ್ಯವಾದ್ದರಿಂದ ಆ ಘಾತಸೂಚಿ 31 ಆಗದೆ ಬೇರೆ ದಾರಿಯಿಲ್ಲ. ಜೊತೆಗೆ ಕ − 1 ಸಮಸಂಖ್ಯೆ. ಆದ್ದರಿಂದ ‘ಕ’ ಎಂಬುದು 62ರ ಅಪವರ್ತ್ಯಕ್ಕೆ 1 ಕೂಡಿಸಿದ ಸಂಖ್ಯೆಯೇ ಆಗಿರಬೇಕು.

ಉತ್ತರ (ಅರಸೀಕೆರೆ)
ಇದಕ್ಕೆ ಇನ್ನೊಂದು ಜರಡಿಯೂ ಇದೆ. ನನಗೆ ಬಹಳ ಪ್ರಿಯವಾದದ್ದು ಅದೇ. 2³¹ಕ್ಕೆ ಶೇಷ 1 ಆದರೆ 2³²ಕ್ಕೆ ಶೇಷ 2; ಅಂದರೆ 2¹⁶ರ ವರ್ಗವು 2 ಎಂಬ ಶೇಷವನ್ನು ಕೊಡುತ್ತದೆ. ಯಾವುದಾದರೂ ವರ್ಗಕ್ಕೆ ಶೇಷ 2 ಬರುವಂತಹ ಬೆಸ ಅವಿಭಾಜ್ಯವನ್ನು 8ರಿಂದ ಭಾಗಿಸಿದರೆ ಉಳಿಯುವುದು 1 ಅಥವಾ 7 ಮಾತ್ರ. ಎರಡು ನಿಬಂಧನೆಗಳನ್ನೂ ಸೇರಿಸಿದರೆ, ‘ಕ’ವನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಆಗಿರಬೇಕು. 63ನ್ನು ಬಿಟ್ಟರೆ 46,340ರೊಳಗೆ ಅಂಥವು 372 ಮಾತ್ರ. ಅವುಗಳಲ್ಲೂ ಹೆಚ್ಚಿನವು ಸಂಯುಕ್ತ ಸಂಖ್ಯೆಗಳು: 249, 311, 497, 559, 745, 807, 993, 1055, 1241, 1303 ಎಂಬ ಮೊದಲ ಹತ್ತರಲ್ಲಿ 311 ಮತ್ತು 1303 ಮಾತ್ರ ಅವಿಭಾಜ್ಯ. 311ರಿಂದ ಮಕ್ಕಳ ಕೈಯಲ್ಲೇ ಭಾಗಿಸಿಸಿ ನೋಡಿ, ಶೇಷ 35 ಬರುತ್ತದೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ಕೋಟಿಗಟ್ಟಲೆ ಅಂಕಿಗಳಿರುವ ಇಂದಿನ ಅವಿಭಾಜ್ಯಗಳಿಗೂ ಇದೇ ಕ್ರಮ ಸಾಲುತ್ತದೆಯೇ?

ಉತ್ತರ (ಚಿಕ್ಕಮಗಳೂರು)
ಸಾಲದು. ಭಾಜಕಗಳನ್ನು ಹುಡುಕದೆಯೇ ತೀರ್ಮಾನ ಹೇಳುವ ಲೂಕಾ–ಲೆಹ್ಮರ್ ಪರೀಕ್ಷೆ ಅಲ್ಲಿ ಬೇಕಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದ, 4,10,24,320 ಅಂಕಿಗಳ ಅವಿಭಾಜ್ಯವನ್ನೂ (2ರ 13,62,79,841ನೇ ಘಾತದಿಂದ 1 ಕಳೆದದ್ದು) ಈ ಪರೀಕ್ಷೆಯಿಂದಲೇ ದೃಢಪಡಿಸಿದರು. 4ರಿಂದ ಆರಂಭಿಸಿ, ಪ್ರತಿ ಸಲವೂ ವರ್ಗ ಮಾಡಿ 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. ಘಾತಸೂಚಿಗಿಂತ ಎರಡು ಕಡಿಮೆ ಹಂತಗಳಲ್ಲಿ ಶೇಷ 0 ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ತರಗತಿಗೆ 2⁷ − 1 = 127 ಹಿತವಾದ ಗಾತ್ರದ್ದು; ಐದು ಹಂತಗಳು ಹೀಗೆ ಸಾಗುತ್ತವೆ: 4, 14, 67, 42, 111, 0.