ಎರಕದ ಟಾಮಹಾಕ್ (ಸಣ್ಣ ಕೊಡಲಿ) ತಲೆಯನ್ನು ಕೈಯಲ್ಲೇ ನುಣುಪು ಮಾಡುತ್ತಿದ್ದೇನೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಎರಕ ಹೊಯ್ದ ಎರಡು ಟಾಮಹಾಕ್ ತಲೆಗಳಿವೆ, ಉಕ್ಕಿನವು. ಮೈಯೆಲ್ಲ ತರಿತರಿ, ಅಚ್ಚಿನ ಎರಡು ಭಾಗ ಸೇರಿದ ಕಡೆ ಒಂದು ಗೆರೆ ಉಬ್ಬಿ ನಿಂತಿದೆ. ಗ್ರೈಂಡರ್ ಹಿಡಿದರೆ ಅಂಚು ಕಾದು ನೀಲಿಯಾಗಿ ಹದ ಹೋಗಬಹುದು ಅಲ್ವಾ, ಅದಕ್ಕೇ ಕೈಯಲ್ಲೇ ಮಾಡುತ್ತಿದ್ದೇನೆ.

ವೈಸ್‌ಗೆ ಕಚ್ಚಿಸಿ ಒರಟು ಅರದಿಂದ ಆ ಗೆರೆ ಇಳಿಸಿದೆ. ಮೇಲಿನ ಪದರ ತುಂಬಾ ಗಟ್ಟಿ, ಹೊಸ ಅರವೂ ಮೊದಮೊದಲು ಸುಮ್ನೆ ಜಾರುತ್ತಿತ್ತು. ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತುತ್ತೇನೆ, ಹಿಂದಕ್ಕೆ ಬರುವಾಗ ಎತ್ತಿ ತರುತ್ತೇನೆ, ಆದರೂ ಹಲ್ಲಿನ ಸಂದಿಯಲ್ಲಿ ಲೋಹದ ಚೂರು ಸಿಕ್ಕಿಕೊಂಡು ಆಳವಾದ ಗೀರು ಬೀಳುತ್ತಿತ್ತು. ಅರಕ್ಕೆ ಸೀಮೆಸುಣ್ಣ ಉಜ್ಜಿದ ಮೇಲೆ ಅದು ಎಷ್ಟೋ ಕಡಿಮೆಯಾಯಿತು. ಆಮೇಲೆ 80, 120, 220ರ ಎಮರಿ ಪೇಪರ್, ಪ್ರತಿ ಸಲ ದಿಕ್ಕು ಬದಲಿಸಿ, ಹಿಂದಿನ ಗೀರು ಪೂರ್ತಿ ಹೋಗುವವರೆಗೆ.

ಕೆನ್ನೆಗಳು, ಅಂದ್ರೆ ತಲೆಯ ಎರಡು ಬದಿಗಳು, ಚೆನ್ನಾಗಿ ಬಂದಿವೆ, ಬೆರಳಾಡಿಸಿದರೆ ಖುಷಿಯಾಗುತ್ತದೆ. ಸಿಕ್ಕಿಹಾಕಿಕೊಂಡಿರುವುದು ಅಂಚಿನ ಕೆಳಗಿನ ಒಳಬಾಗಿನಲ್ಲಿ. ಅರೆದುಂಡು ಅರ ಹಾಕಿದರೆ ಅಲೆಅಲೆಯಾಗುತ್ತಿದೆ. ಕೋಲಿಗೆ ಎಮರಿ ಸುತ್ತಿ ಉಜ್ಜಿದರೆ ಸಮವಾಗುತ್ತದಾ? ಕಾವು (ಹಿಡಿ) ಕೂರುವ ತೂತಿನೊಳಗೆ ಎಷ್ಟು ನುಣುಪು ಬೇಕು, ಜಾಸ್ತಿ ತೆಗೆದರೆ ಕಾವು ಸಡಿಲವಾಗುತ್ತದೆ ಅಂತ ಭಯ. ಇನ್ನೊಂದು, ಸೂಜಿಮೊನೆಯಷ್ಟು ಸಣ್ಣ ಗುಳಿಗಳು ಉಳಿದಿವೆ. ಅವು ಹೋಗುವ ತನಕ ಅರ ಹಾಕಲೋ, ಹಾಗೇ ಬಿಡಲೋ? ಕೈಯಲ್ಲೇ ಮಾಡಿದವರು ದಯವಿಟ್ಟು ಹೇಳಿ.