ಸಹಾಯ ಬೇಕು: ಮನೆಯಲ್ಲಿ ನಿತ್ಯದ ಆಚರಣೆಯೊಂದನ್ನು ರೂಪಿಸಿಕೊಳ್ಳುವ ಬಗೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಊರನ್ನು ಬಿಟ್ಟು ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ನೆಲೆಸಿರುವ ನಾವು, ಪುರೋಹಿತರ ನೆರವಿಲ್ಲದೆ ಮನೆಮಂದಿಯೆಲ್ಲ ಕೂಡಿ ನಡೆಸಬಹುದಾದ ನಿತ್ಯದ ಆಚರಣೆಯೊಂದನ್ನು ರೂಪಿಸಿಕೊಳ್ಳಬೇಕೆಂದಿದ್ದೇವೆ. ಮುಸ್ಸಂಜೆಯಲ್ಲಿ ದೀಪ ಹಚ್ಚಿ, ನಮ್ಮ ಜಿಲ್ಲೆಯವರೇ ಆದ ಉಡುತಡಿಯ ಅಕ್ಕಮಹಾದೇವಿಯ ಅಥವಾ ಬಳ್ಳಿಗಾವಿಯ ಅಲ್ಲಮಪ್ರಭುವಿನ ಒಂದು ವಚನವನ್ನು ಗಟ್ಟಿಯಾಗಿ ಓದಿ, ಕೆಲವು ನಿಮಿಷ ಮೌನವಾಗಿ ಕೂರುವುದು ಸದ್ಯದ ಯೋಚನೆ.

ನನ್ನನ್ನು ನಿಜವಾಗಿ ಕಾಡುತ್ತಿರುವುದು ಭೂಮಿ ಹುಣ್ಣಿಮೆಯ ವಿಷಯ. ಮಲೆನಾಡಿನ ರೈತರು ಆಶ್ವಯುಜ ಮಾಸದ ಹುಣ್ಣಿಮೆಯಂದು, ತೆನೆಗಟ್ಟುವ ಗದ್ದೆಯನ್ನು ಬಸುರಿಯೆಂದು ಭಾವಿಸಿ, ರಾತ್ರಿಯಿಡೀ ಮಾಡಿದ ಅಡುಗೆಯನ್ನು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತೊಯ್ದು ಭೂತಾಯಿಗೆ ಬಡಿಸುತ್ತಾರೆ. ಆ ಕೃತಜ್ಞತೆಯನ್ನು, ಗದ್ದೆಯೇ ಇಲ್ಲದ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ, ಬರಿಯ ತೋರಿಕೆಯಾಗದಂತೆ ದಾಟಿಸುವುದು ಹೇಗೆ? ಕುಂಡದ ಗಿಡಕ್ಕೆ ನೀರೆರೆದು ನಮಿಸಬಹುದೆಂದು ಕೆಲವರು ಹೇಳಿದರು. ಆದರೆ ಆ ಹಬ್ಬದ ಜೀವಾಳವೇ ಉಣಬಡಿಸುವುದಾಗಿರುವುದರಿಂದ ಅಷ್ಟು ಸಾಲದೆಂದು ನನ್ನ ಭಾವನೆ.

ಪಟ್ಟಣದಲ್ಲಿದ್ದುಕೊಂಡೇ ಇಂಥದ್ದನ್ನು ನಡೆಸಿಕೊಂಡು ಬಂದಿರುವವರು, ವಿಶೇಷವಾಗಿ ಪಾಳಿಯ ಕೆಲಸದಿಂದಾಗಿ ಸಂಜೆಯ ಹೊತ್ತು ನಿಗದಿಯಾಗಿ ಸಿಗದವರು, ತಮ್ಮ ಮನೆಯ ಕ್ರಮವನ್ನು ದಯವಿಟ್ಟು ವಿವರವಾಗಿ ಬರೆದು ತಿಳಿಸಬೇಕೆಂದು ಕೋರುತ್ತೇನೆ.