ರಾಗಿ ಸರಿಯಾಗಿ ಹುಟ್ಟಿಲ್ಲ, ಮಣ್ಣು ಚೆಕ್ಕೆ ಕಟ್ಟಿದೆ: ಮತ್ತೆ ಬಿತ್ತಬೇಕಾ, ಕಾಯಬೇಕಾ?

ಕೆಂಪುಹೊಲ (ಶಿರಾ):

ನಮಸ್ಕಾರ. ಜುಲೈ ಕೊನೆಯಲ್ಲಿ ಒಳ್ಳೆ ಹದ ಸಿಕ್ಕಿತು ಅಂತ ಜಿಪಿಯು-28 ತಳಿಯ ರಾಗಿ ಬಿತ್ತಿಸಿದೆ. ಬಾಡಿಗೆ ಟ್ರ್ಯಾಕ್ಟರಿನ ಕೂರಿಗೆ. ಮಾರನೇ ದಿನ ಜೋರು ಮಳೆ ಹೊಡೆಯಿತು, ಆಮೇಲೆ ಬರೀ ಬಿಸಿಲು. ವಾರದ ಮೇಲಾಯಿತು. ತಗ್ಗಿನಲ್ಲಿ, ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಬಿದ್ದ ಕಡೆ ಸಾಲು ಹಸಿರಾಗಿ ಕಾಣುತ್ತಿದೆ. ಉಳಿದ ಕಡೆ ಅಲ್ಲೊಂದು ಇಲ್ಲೊಂದು.

ಬೆಳಿಗ್ಗೆ ಕುಡುಗೋಲಿನ ತುದಿಯಿಂದ ಒಂದು ಮಾರು ಸಾಲು ಕೆದಕಿ ನೋಡಿದೆ. ಮೇಲಿನ ಮಣ್ಣು ಹಪ್ಪಳದ ಹಾಗೆ ಏಳುತ್ತದೆ. ಅದರಡಿ ಬಿಳಿ ಮೊಳಕೆಗಳಿವೆ. ಕೆಲವು ನೆಟ್ಟಗಿವೆ, ಕೆಲವು ಸುತ್ತಿಕೊಂಡಿವೆ. ಒಂದಷ್ಟರಲ್ಲಿ ಹಳದಿ ಎಲೆ ಮಣ್ಣಿನೊಳಗೇ ಬಿಚ್ಚಿಕೊಂಡಿದೆ. ಕೊಳೆತ ಬೀಜ ಮಾತ್ರ ಕಾಣಲಿಲ್ಲ.

ಕುಂಟೆ ಹೊಡೆದು ಮತ್ತೆ ಬಿತ್ತು ಅಂತ ಪಕ್ಕದವರು ಹೇಳುತ್ತಿದ್ದಾರೆ. ನನಗೆ ಮನಸ್ಸು ಬರುತ್ತಿಲ್ಲ. ಒಳಗಿರುವುದಕ್ಕೆ ಇನ್ನೂ ಜೀವ ಇದೆ ಅಲ್ವಾ?

ಮಧುಗಿರಿ ಸೀಮೆ:

ಇವತ್ತೇ ಒಂದು ಕೆಲಸ ಮಾಡಿ. ಕಾರೆ ಮುಳ್ಳಿನ ಕೊಂಬೆ ಕಡಿದು ತಂದು, ಹುಟ್ಟದ ಜಾಗದಲ್ಲಿ ಮೇಲೆ ಮೇಲೆ ಎಳೆಯಿರಿ. ಭಾರ ಹೇರಬೇಡಿ. ಚೆಕ್ಕೆ ಒಡೆದರೆ ಸಾಕು, ಮಣ್ಣು ಮಗುಚಬಾರದು. ಟ್ಯಾಂಕರ್ ನೀರು ಸಿಗುವ ಹಾಗಿದ್ದರೆ ಸಂಜೆ ಹೊತ್ತು ತೆಳ್ಳಗೆ ಚಿಮುಕಿಸಿ ಆಮೇಲೆ ಎಳೆದರೆ ಇನ್ನೂ ಒಳ್ಳೆಯದು. ಹಸಿರು ಬಂದ ಸಾಲು ಮುಟ್ಟಬೇಡಿ. ಕುಂಟೆ ಅಂತೂ ಈಗ ಬೇಡವೇ ಬೇಡ.

ಬೀಜದವಳು (ತುರುವೇಕೆರೆ):

ನಾನು ಬೀಜ ವಿಜ್ಞಾನ ಓದಿದವಳು, ಈಗ ಮನೆ ಹೊಲ ನೋಡಿಕೊಳ್ಳುತ್ತೇನೆ. ಮುಳ್ಳಿನ ಕೊಂಬೆ ಸರಿಯಾದ ಸಲಹೆ. ಯಾಕೆ ಅಂತ ಸ್ವಲ್ಪ ಹೇಳುತ್ತೇನೆ, ಏಕೆಂದರೆ ನೀವು ಕೆದಕಿ ಕಂಡದ್ದರಲ್ಲೇ ಅರ್ಧ ಉತ್ತರ ಇದೆ.

ರಾಗಿ, ಜೋಳ, ಮುಸುಕಿನ ಜೋಳ ಎಲ್ಲವೂ ಮಣ್ಣಿನಿಂದ ಮೇಲೆ ಬರುವ ಕ್ರಮ ಹೆಚ್ಚುಕಡಿಮೆ ಒಂದೇ. ಎಳೆ ಎಲೆಯ ಸುತ್ತ ಚೂಪಾದ ಒಂದು ಕವಚ ಇರುತ್ತದೆ, ಅದಕ್ಕೆ ಕೋಲಿಯಾಪ್ಟೈಲ್ ಅನ್ನುತ್ತಾರೆ. ಬೀಜಕ್ಕೂ ಆ ಕವಚಕ್ಕೂ ನಡುವೆ ಇರುವ ಬಿಳಿ ದಂಟು ಮೀಸೋಕಾಟೈಲ್. ಕತ್ತಲಲ್ಲಿ ಈ ದಂಟು ಉದ್ದವಾಗುತ್ತಾ ಕವಚವನ್ನು ಮೇಲಕ್ಕೆ ತಳ್ಳುತ್ತದೆ. ಬೆಳಕು ತಾಗಿದ ಕೂಡಲೇ ದಂಟು ಬೆಳೆಯುವುದು ನಿಲ್ಲುತ್ತದೆ, ಕವಚ ಸೀಳಿ ಎಲೆ ಹೊರಗೆ ಬರುತ್ತದೆ. ಚೆಕ್ಕೆ ಅಡ್ಡ ಬಂದರೆ ಮೊಳಕೆಯ ಬಲವೆಲ್ಲ ತಳ್ಳುವುದರಲ್ಲೇ ಖರ್ಚಾಗುತ್ತದೆ. ಕೊನೆಗೆ ಎಲೆ ಕವಚ ದಾಟಿ ಮಣ್ಣಿನೊಳಗೇ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಎಲೆಗೆ ಮಣ್ಣು ಸೀಳುವ ಶಕ್ತಿ ಇಲ್ಲ. ನೀವು ನೋಡಿದ ಹಳದಿ ಎಲೆಯದ್ದು ಇದೇ ಕತೆ. ಅವುಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ನೆಟ್ಟಗಿರುವ ಬಿಳಿ ಮೊಳಕೆಗಳ ಮೇಲೆ ನನಗೆ ಪೂರ್ತಿ ಭರವಸೆ ಇದೆ, ಚೆಕ್ಕೆ ಬೇಗ ಒಡೆದರೆ.

ಬೇಗ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ಸಾವಿರ ರಾಗಿ ಕಾಳು ತೂಗಿದರೆ 3 ಗ್ರಾಂ ಆಸುಪಾಸು. ಬಿಳಿಜೋಳ ಅದರ ಹತ್ತರಷ್ಟು ತೂಗುತ್ತದೆ. ಮೊಳಕೆಗೆ ಅಂತ ಕಾಳಿನೊಳಗೆ ಇರುವ ರಾಗಿಯ ಬುತ್ತಿ ಅಷ್ಟು ಸಣ್ಣದು. ಅದಕ್ಕೇ 2-3 ಸೆಂಟಿಮೀಟರಿಗಿಂತ ಆಳಕ್ಕೆ ರಾಗಿ ಬೀಳಬಾರದು. ಟ್ರ್ಯಾಕ್ಟರ್ ಕೂರಿಗೆಯವರಿಗೆ ಇದನ್ನು ಎದುರು ನಿಂತು ಹೇಳಲೇಬೇಕು. ಈಗ ನಿಮ್ಮ ಸಾಲಿನಲ್ಲಿ ಬೀಜದ ಸಿಪ್ಪೆ ಎಷ್ಟು ಆಳದಲ್ಲಿದೆ ಅಂತ ಅಳೆದು ನೋಡಿ, ಗೊತ್ತಾಗುತ್ತದೆ.

ಎರೆಹೊಲ (ವಿಜಯಪುರ):

ನಮ್ಮ ಕಡೆ ಹಿಂಗಾರಿ ಬಿಳಿಜೋಳ, ಎರೆ ಭೂಮಿ. ಮೇಲಿನ ಮಣ್ಣು ಬೇಗ ಆರುತ್ತದೆ, ಹಸಿ ಇರುವುದು ಕೆಳಗೆ. ಹಾಗಾಗಿ ನಾವು ಬೇಕಂತಲೇ ಆಳಕ್ಕೆ ಬಿತ್ತುತ್ತೇವೆ. ನಮ್ಮ ಮಾಲ್ದಂಡಿ ತಳಿಯ ಜೋಳದ ಕಾಳು ದಪ್ಪ, ಎದ್ದು ಬರುತ್ತದೆ. ನಮಗೆ ಚೆಕ್ಕೆಗಿಂತ ದೊಡ್ಡ ಕಾಟ ಸುಳಿ ನೊಣ. ಹುಟ್ಟಿದ ಮೊದಲ ನಾಲ್ಕು ವಾರದಲ್ಲಿ ಎಲೆಯ ಅಡಿ ಬಿಳಿ ಮೊಟ್ಟೆ ಇಡುತ್ತದೆ, ಹುಳ ಇಳಿದು ಸುಳಿ ಕತ್ತರಿಸುತ್ತದೆ. ಹಿಡಿದು ಎಳೆದರೆ ಸುಳಿ ಕೈಗೇ ಬರುತ್ತದೆ, ವಾಸನೆ ಹೊಡೆಯುತ್ತದೆ. ತಡವಾಗಿ ಬಿತ್ತಿದವರಿಗೆ ಈ ಕಾಟ ಜಾಸ್ತಿ. ಒಂದೊಂದು ಮಣ್ಣಿಗೆ ಒಂದೊಂದು ಲೆಕ್ಕ, ನಮ್ಮ ಆಳ ನೋಡಿ ರಾಗಿ ಬಿತ್ತಬೇಡಿ.

ಕೆಂಪುಹೊಲ:

ಎಲ್ಲರಿಗೂ ಧನ್ಯವಾದ. ಅಳೆದೆ. ಹಸಿರಿರುವ ಕಡೆ ಬೀಜ ಮೇಲೇ ಇದೆ. ಹುಟ್ಟದ ಕಡೆ ಎರಡು ಬೆರಳಿಗಿಂತ ಆಳ. ನಿನ್ನೆ ಸಂಜೆ ನೀರು ಚಿಮುಕಿಸಿ ಕೊಂಬೆ ಎಳೆಸಿದೆ. ಇವತ್ತು ಒಡೆದ ಚೆಕ್ಕೆಯ ಸಂದಿಯಲ್ಲಿ ಸೂಜಿ ಮೊನೆಯಂಥ ಮೊಳಕೆ ಕಾಣುತ್ತಿವೆ, ತುದಿಯಲ್ಲಿ ಹಸಿರು ತಿರುಗಿದೆ. ಎಲ್ಲ ಕಡೆ ಇಲ್ಲ, ಆದರೂ ಖುಷಿಯಾಯಿತು. ಇನ್ನು ಮಳೆ ಬರದಿದ್ದರೆ ಇವು ತಡೆಯುತ್ತವಾ?

ಬೀಜದವಳು:

ಒಳ್ಳೆಯದಾಯಿತು! ಮಳೆ ವಿಷಯಕ್ಕೆ ಬಂದರೆ, ಹುಟ್ಟಿದ ಮೇಲಿನ ಎರಡು ಮೂರು ವಾರ ನಿಜವಾಗಿ ಕಷ್ಟದ ಕಾಲ. ಈಗ ಪೈರು ನಿಂತಿರುವುದು ಬೀಜದಿಂದ ಇಳಿದ ಒಂದೇ ಬೇರಿನ ಮೇಲೆ. ಗಿಡವನ್ನು ಕೊನೆತನಕ ಸಾಕುವ ಬೇರುಗಳು ಬೇರೆ. ಅವು ಬುಡದ ಗೆಣ್ಣಿನಿಂದ, ಅಂದರೆ ಮಣ್ಣಿನ ಮೇಲ್ಪದರದಿಂದಲೇ ಹೊರಡುತ್ತವೆ. ಆ ಪದರ ಒಣಗಿದ್ದರೆ ಬೇರು ಮೂತಿ ತೋರಿಸಿ ಅಲ್ಲೇ ನಿಂತುಬಿಡುತ್ತದೆ. ಗಿಡ ಹಸಿರಾಗಿ ಕಂಡರೂ ಗಾಳಿಗೆ ಬುಡ ತಿರುಗುತ್ತದೆ. ಒಂದು ಗಿಡ ಕಿತ್ತು ಬುಡ ನೋಡಿ. ದಪ್ಪನೆ ಬಿಳಿ ಬೇರು ಪಕ್ಕಕ್ಕೆ ಹೊರಟಿದ್ದರೆ ಮುಂದೆ ಒಂದಷ್ಟು ದಿನ ಮಳೆ ತಪ್ಪಿದರೂ ತಡೆಯುತ್ತದೆ. ಇಲ್ಲದಿದ್ದರೆ ಸಾಲಿನ ನಡುವೆ ಎಡೆಕುಂಟೆಯನ್ನು ಹಗುರಾಗಿ ಆಡಿಸಿ ಬುಡಕ್ಕೆ ಸಡಿಲ ಮಣ್ಣು ಏರಿಸಿ, ಕೆಳಗಿನ ಹಸಿ ಆರುವುದು ಕಮ್ಮಿಯಾಗುತ್ತದೆ.

ಮಧ್ಯಾಹ್ನ ಎಲೆ ಸುರುಳಿ ಸುತ್ತಿದರೆ ಗಾಬರಿ ಬೇಡ. ನೀರು ಉಳಿಸಲು ಗಿಡವೇ ಹಾಗೆ ಮಾಡುತ್ತದೆ. ಬೆಳಗಿನ ಜಾವವೂ ಸುತ್ತಿಕೊಂಡೇ ಇದ್ದರೆ ಆಗ ಚಿಂತೆ. ಮೇಲಿನ ಎಲೆ ಒಣಗಿದರೂ ಈ ವಯಸ್ಸಿನಲ್ಲಿ ಬೆಳೆಯುವ ತುದಿ ಬುಡದಲ್ಲೇ ಇರುತ್ತದೆ, ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಹಾವೇರಿ ಕಡೆ ಗುಳಿ ರಾಗಿಯ (ಗುಳಿಯಲ್ಲಿ ಪೈರು ನೆಟ್ಟು ಬೆಳೆಯುವ ರಾಗಿ) ಮೇಲೆ ಕೊರಡು ಎಳೆದು ಪೈರು ಮಲಗಿಸುತ್ತಾರಲ್ಲ, ಆಗಲೂ ಗಿಡ ಸಾಯದೆ ಬುಡದಿಂದ ತೆಂಡೆ (ಮರಿ ಕವಲು) ಜಾಸ್ತಿ ಒಡೆಯುವುದು ಇದರಿಂದಲೇ.

ಖಾಲಿ ಉಳಿದ ಜಾಗಕ್ಕೆ ಮತ್ತೆ ಬಿತ್ತುವ ಬದಲು ತಗ್ಗಿನ ದಟ್ಟ ಸಾಲಿನಿಂದ ಪೈರು ಕಿತ್ತು ನಾಟಿ ಮಾಡಿ. ಮೂರು ವಾರ ತುಂಬಿರಲಿ, ಮೋಡ ಅಥವಾ ಮಳೆ ಇರುವ ದಿನ ನೋಡಿ, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಬಿಡಿ.

ಮುಂದಿನ ಸಲಕ್ಕೆ ಬೀಜ ಹದ ಮಾಡಿಕೊಳ್ಳಿ. ಕಿಲೋ ಬೀಜಕ್ಕೆ ಲೀಟರ್ ನೀರು, 6 ಗಂಟೆ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಡಿ. ಮೂತಿಯಲ್ಲಿ ಬಿಳಿ ಕಂಡ ತಕ್ಷಣ ನೆರಳಿಗೆ ಹರವಿ, ಎರಡು ದಿನ ಒಣಗಿಸಿ. ಹೀಗೆ ಮಾಡಿದ ಬೀಜ ಬೇಗ ಏಳುತ್ತದೆ, ಚೆಕ್ಕೆ ಗಟ್ಟಿಯಾಗುವ ಮೊದಲೇ ಮೇಲೆ ಬರುತ್ತದೆ. ಮೊಳಕೆ ಉದ್ದ ಬಿಡಬೇಡಿ, ಕೂರಿಗೆಯಲ್ಲಿ ಮುರಿಯುತ್ತದೆ.